ಮೇಜಿನ ಮೇಲಣ ರಣರಂಗ

ಚತುರಂಗವೆಂಬುದು ಮೊದಲು ಸೈನ್ಯಕ್ಕೆ ಇದ್ದ ಹೆಸರು. ಆಟಕ್ಕೆ ಬಂದುದು ಅನಂತರ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ದಂಡನ್ನು ಅರುವತ್ತುನಾಲ್ಕು ಮನೆಗಳ ಮಣೆಯ ಮೇಲೆ ಇಳಿಸಿದ ಈ ವಿನೋದವು ಭರತಖಂಡದಲ್ಲಿ ಹುಟ್ಟಿ, ಪಾರಸಿಕರಿಂದ ಅರಬರಿಗೂ ಅರಬರಿಂದ ಯೂರೋಪಿನವರಿಗೂ ಸಂದಿತು. ಅಲ್ಲಿ ಅದು ಹಲವು ಶತಮಾನಗಳ ಕಾಲ ಅರಮನೆಗಳಲ್ಲಿಯೂ ಗೃಹಸ್ಥರ ಮನೆಗಳಲ್ಲಿಯೂ ಬಾಳಿ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನರ ನಾಡಿನಲ್ಲಿ ವಿಚಿತ್ರವಾದ ಒಂದು ಮಾರ್ಪಾಟನ್ನು ಹೊಂದಿತು. ಸೈನ್ಯದಿಂದ ಆಟವಾಗಿದ್ದುದು ಪುನಃ ಸೈನ್ಯದ ಕಡೆಗೆ ತಿರುಗಿತು. ಆ ತಿರುವಿನಿಂದ ಹುಟ್ಟಿದುದೇ ಇಂದು ಇಂಗ್ಲೆಂಡು, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ಆಡುವ ಗೊಂಬೆಗಳ ಯುದ್ಧದಾಟ.

ಈ ಆಟವನ್ನು ಕಾಣದವರಿಗೆ ಅದರ ಸ್ವರೂಪವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಒಂದು ದೊಡ್ಡ ಮೇಜಿನ ಮೇಲೆ ಗುಡ್ಡ, ತೋಪು, ಹೊಳೆ, ಹಳ್ಳಿಗಳನ್ನು ಚಿಕ್ಕದಾಗಿ ನಿರ್ಮಿಸಿರುವರು. ಬೆರಳಿನ ಗಾತ್ರಕ್ಕಿಂತಲೂ ಸಣ್ಣವಾದ, ಬಣ್ಣ ಬಳಿದ ಸಿಪಾಯಿಗೊಂಬೆಗಳು ಎರಡು ಪಕ್ಷವಾಗಿ ನಿಂತಿರುವುವು. ಮನೆಗಳ ಗೆರೆಗಳಿಲ್ಲ, ಒಂದು ತುಕಡಿ ಎಷ್ಟು ದೂರ ನಡೆಯಬಹುದೆಂಬುದನ್ನು ಅಳತೆಯ ಪಟ್ಟಿಯಿಂದ ನಿಶ್ಚಯಿಸುವರು, ಗುಂಡು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುವುದು. ನೋಡುವುದಕ್ಕೆ ಮಕ್ಕಳ ಆಟದಂತಿರುವ ಇದನ್ನು ಹೊಸದಾಗಿ ಕಲಿಯಲು ಕುಳಿತವನಿಗೆ ಮಾತ್ರ ಮೊದಲ ದಿನವೇ ದಿಗಿಲು. ನಿಯಮಗಳ ಪುಸ್ತಕ ದಪ್ಪ, ಗೊಂಬೆಗಳ ಲೆಕ್ಕ ದೊಡ್ಡದು, ಬಲ್ಲವರ ಮಾತು ಅರ್ಥವಾಗದು. ಈ ದಿಗಿಲು ಇಂದಿನದಲ್ಲ, ಆಟದಷ್ಟೇ ಹಳೆಯದು. ಆಟದ ಇತಿಹಾಸವನ್ನು ನೋಡಿದರೆ, ಅದನ್ನು ಬೆಳೆಸಿದವರೆಲ್ಲರೂ ಒಂದೇ ತೊಡಕನ್ನು ಬಿಡಿಸಲು ಹೆಣಗಿದಂತೆ ತೋರುವುದು: ಯುದ್ಧದ ನಿಜವನ್ನು ಬಿಡದೆ, ಹೊಸಬನನ್ನು ಮೇಜಿನ ಬಳಿಗೆ ತರುವುದು ಹೇಗೆ?

ಚದುರಂಗದಲ್ಲಿ ಈ ತೊಡಕಿಲ್ಲ. ಕಾಯಿಗಳ ನಡೆಯನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ಅದರ ಸೌಲಭ್ಯವೆಲ್ಲ ಯುದ್ಧದ ಮೂರು ಲಕ್ಷಣಗಳನ್ನು ತ್ಯಜಿಸಿ ಪಡೆದುದು. ಮಣೆಯ ನೆಲ ಸಮತಟ್ಟು; ಯುದ್ಧದ ನೆಲ ಏರು, ತಗ್ಗು, ಕೆಸರು. ಮಣೆಯಲ್ಲಿ ಶತ್ರುವಿನ ಪ್ರತಿಯೊಂದು ಕಾಯಿಯೂ ಕಣ್ಣಿನ ಮುಂದಿರುವುದು. ಯುದ್ಧದಲ್ಲಿ ಶತ್ರು ಗುಡ್ಡದ ಹಿಂದಿರುವನು. ಮಣೆಯಲ್ಲಿ ಹೊಡೆದ ಕಾಯಿ ಹೊಡೆದಂತೆಯೇ ಸರಿ; ಯುದ್ಧದಲ್ಲಿ ನೂರು ಗುಂಡುಗಳಲ್ಲಿ ಎಷ್ಟು ತಗುಲುವುವೋ ಹಾರಿಸಿದವನಿಗೇ ತಿಳಿಯದು.

ಇವುಗಳಲ್ಲಿ ಮೊದಲನೆಯ ಕೊರತೆಯನ್ನು ತುಂಬಲು ಹೊರಟವನು ಬ್ರನ್ಸ್‌ವಿಕ್ ನಗರದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಯೋಹಾನ್ ಕ್ರಿಸ್ಟಿಯಾನ್ ಲುಡ್‌ವಿಗ್ ಹೆಲ್‌ವಿಗ್ ಎಂಬ ಪಂಡಿತ. ಕೀಟಗಳ ಶಾಸ್ತ್ರದಲ್ಲಿಯೂ ಇವನಿಗೆ ಒಳ್ಳೆಯ ಹೆಸರಿದ್ದಿತು. ಬಗೆಬಗೆಯಾಗಿ ವಿಂಗಡಿಸಿ ಚೌಕದಲ್ಲಿಡುವ ಆ ಬುದ್ಧಿಯೇ ಆಟದಲ್ಲಿಯೂ ಕಾಣುವುದೆಂದರೆ ಹೆಚ್ಚಾಗದು. 1780ರಲ್ಲಿ ಇವನು ಪ್ರಕಟಿಸಿದ ಆಟದ ಮಣೆಗೆ 1,617 ಮನೆಗಳು. ಬೆಟ್ಟಕ್ಕೆ ಕೆಂಪು, ನೀರಿಗೆ ನೀಲಿ, ಜೌಗಿಗೆ ಹಸುರು ಎಂದು ಮನೆಗಳಿಗೆ ಬಣ್ಣ ಕೊಟ್ಟನು. ರಾಜನನ್ನು ಕಟ್ಟಿಹಾಕುವ ಬದಲು ಶತ್ರುವಿನ ಕೋಟೆಯನ್ನು ಹಿಡಿದವನು ಗೆದ್ದಂತೆ. ಆಟವನ್ನು ಚದುರಂಗದ ಮೇಲೆಯೇ ಕಟ್ಟಲು ಇವನಿಗೆ ಕಾರಣವಿದ್ದಿತು; ಚದುರಂಗವನ್ನು ಬಲ್ಲವರು ಸುಲಭವಾಗಿ ಹೊಸ ಆಟಕ್ಕೆ ದಾಟಲಿ ಎಂಬುದೇ ಅವನ ಎಣಿಕೆ. ಹೊಸಬನಿಗಾಗಿ ಇಟ್ಟ ಮೊದಲ ಮೆಟ್ಟಿಲು ಇದು.

ಅವನ ಹಿಂದೆ ಬಂದ ಗೆಯೋರ್ಗ್ ವೆಂಟುರೀನಿಯು ಆ ಮೆಟ್ಟಿಲನ್ನು ತೆಗೆದುಹಾಕಿದನು. ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹೊರಬಂದ ಇವನ ಆಟಕ್ಕೆ 3,600 ಮನೆಗಳು. ಉಗ್ರಾಣಗಳು, ರೊಟ್ಟಿಯ ಒಲೆಗಳು, ಸಾಮಾನಿನ ಬಂಡಿಗಳು ಎಲ್ಲವೂ ಸೇರಿದುವು. ದಂಡು ಹೊಟ್ಟೆಯ ಮೇಲೆ ನಡೆಯುವುದೆಂಬುದು ನಿಜವೇ. ಆದರೆ ಪ್ರತಿಯೊಂದು ರೊಟ್ಟಿಯನ್ನೂ ಲೆಕ್ಕವಿಡಬೇಕಾದ ಆಟವನ್ನು ಆಡುವವರು ಯಾರು? ವೆಂಟುರೀನಿಯ ಆಟದಲ್ಲಿ ಸತ್ಯ ಹೆಚ್ಚಿತು, ಸ್ವಾರಸ್ಯ ತಗ್ಗಿತು.

ಆಗ ಪ್ರಷ್ಯಾ ರಾಜ್ಯಕ್ಕೆ ಕೆಟ್ಟ ಕಾಲ. 1806ರಲ್ಲಿ ಯೇನಾದ ಬಯಲಿನಲ್ಲಿ ನೆಪೋಲಿಯನ್ನನು ಪ್ರಷ್ಯದ ಸೇನೆಯನ್ನು ನುಚ್ಚುನೂರು ಮಾಡಿದ್ದನು. ಮಹಾ ಫ್ರೆಡರಿಕನ ಕಾಲದಿಂದ ಅಜೇಯವೆಂದು ಹೆಮ್ಮೆಪಟ್ಟಿದ್ದ ದಂಡು ಒಂದೇ ದಿನದಲ್ಲಿ ಮುರಿದುದನ್ನು ಕಂಡ ಆ ದೇಶದ ವಿಚಾರವಂತರು, ಕವಾಯತನ್ನು ಬಲ್ಲ ಅಧಿಕಾರಿಗಳಿಗಿಂತ ಆಲೋಚಿಸಬಲ್ಲ ಅಧಿಕಾರಿಗಳು ಬೇಕೆಂಬುದನ್ನು ಮನಗಂಡರು. ಶಾರ್ನ್‌ಹೋರ್ಸ್ಟ್ ಮೊದಲಾದವರು ಸೇನೆಯ ಶಿಕ್ಷಣವನ್ನು ಬುಡದಿಂದ ತಿದ್ದಲು ತೊಡಗಿದರು. ಇಂಥ ಸಮಯದಲ್ಲಿ ಬ್ರೆಸ್ಲಾವ್ ನಗರದಲ್ಲಿದ್ದ ಗೆಯೋರ್ಗ್ ಲೆಯೋಪೋಲ್ಡ್ ಫಾನ್ ರೈಸ್‌ವಿಟ್ಸ್ ಎಂಬ ಸರಕಾರೀ ಅಧಿಕಾರಿಯು ಮನೆಗಳ ಗೆರೆಯನ್ನೇ ಅಳಿಸಿಬಿಟ್ಟನು. ಇವನು ಸೇನಾನಿಯಲ್ಲ, ಲೇಖನಿಯ ಮನುಷ್ಯ. ಪೆಟ್ಟಿಗೆಯಲ್ಲಿ ಮರಳನ್ನು ತುಂಬಿ, ಅದನ್ನು ಬೆಟ್ಟ ಕಣಿವೆಗಳಾಗಿ ತಿದ್ದಿ, ಅದರ ಮೇಲೆ ಮರದ ತುಂಡುಗಳನ್ನು ದಂಡಿನ ತುಕಡಿಗಳೆಂದು ನಡಸಿದನು. ದಾರಿಯುದ್ದ ಎಷ್ಟೋ ಅಷ್ಟನ್ನು ಅಳೆದು ನಡೆಯುವುದಲ್ಲದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುವ ಮಾತು ಇಲ್ಲವಾಯಿತು.

1811ರಲ್ಲಿ ಈ ಮರಳಿನ ಪೆಟ್ಟಿಗೆಯನ್ನು ಕಂಡು ಬೆರಗಾದ ರಾಜಕುಮಾರರು ತಂದೆಯಾದ ಮೂರನೆಯ ಫ್ರೆಡರಿಕ್ ವಿಲಿಯಂ ದೊರೆಗೆ ತಿಳಿಸಲು, ದೊರೆಯೂ ನೋಡಬಯಸಿದನು. ಆದರೆ ಮರಳು ತುಂಬಿದ ಪೆಟ್ಟಿಗೆಯನ್ನು ಅರಸನ ಮುಂದಿಡುವುದೆಂತು? ರೈಸ್‌ವಿಟ್ಸನು ಕಾಲಾವಕಾಶವನ್ನು ಬೇಡಿಕೊಂಡನು. 1812ರಲ್ಲಿ ಆತನು ತಂದೊಪ್ಪಿಸಿದುದು ಸೆಳೆಖಾನೆಗಳುಳ್ಳ ಒಂದು ದೊಡ್ಡ ಮೇಜು. ಗಾರೆಯ ಅಚ್ಚಿನಲ್ಲಿ ಏರುತಗ್ಗುಗಳನ್ನು ಮೂಡಿಸಿ ಬಣ್ಣ ಬಳಿದ ಬಿಲ್ಲೆಗಳು, ಅವುಗಳನ್ನು ಬೇಕಾದಂತೆ ಜೋಡಿಸಿ ಬೇಕಾದ ಪ್ರದೇಶವನ್ನು ಮಾಡಿಕೊಳ್ಳಬಹುದಾಗಿತ್ತು, ತುಕಡಿಗಳು ಪಿಂಗಾಣಿಯವು. ರಾಜಪರಿವಾರವು ಅದರ ಸುತ್ತ ರಾತ್ರಿಯ ಹೊತ್ತು ಮೀರುವ ತನಕ ಕುಳಿತಿರುತ್ತಿದ್ದಿತಂತೆ. ಆ ಮೇಜು ನಾಶವಾಗದೆ ಉಳಿದುಬಂದಿದೆ. ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ಅರಮನೆಗೆ ಸೇರಿದುದಾಗಿರುವುದು. ಸುಂದರವಾದ ವಸ್ತು, ಆದರೆ ಅರಸನಲ್ಲದ ಯಾವ ಹೊಸಬನು ಅಂಥ ಮೇಜನ್ನು ಮಾಡಿಸಿ ಆಟವನ್ನು ಆರಂಭಿಸಬಲ್ಲನು?

ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟವನು ಆತನ ಮಗ, 1794ರಲ್ಲಿ ಹುಟ್ಟಿದ ಗೆಯೋರ್ಗ್ ಹೈನ್ರಿಖ್ ರುಡಾಲ್ಫ್ ಯೋಹಾನ್ ಫಾನ್ ರೈಸ್‌ವಿಟ್ಸ್. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು ಜನಿಸಿದುದೂ ಅದೇ ವರ್ಷವೆಂಬುದು ಇಲ್ಲಿ ನೆನಪಿಗೆ ಬಾರದೆ ಹೋಗದು. ಒಬ್ಬರಿಗೊಬ್ಬರು ಅಪರಿಚಿತರಾದ ಈ ಇಬ್ಬರು ಸಮವಯಸ್ಕರು ಮಣೆಯಾಟಗಳಲ್ಲಿ ಎರಡು ವಿರುದ್ಧ ದಿಕ್ಕುಗಳನ್ನು ಹಿಡಿದರು. ಒಡೆಯರವರು ಮನೆಗಳ ಕಟ್ಟಿನೊಳಗೇ ಇದ್ದುಕೊಂಡು, ಚದುರಂಗದ ಕುದುರೆಯನ್ನು ಮಣೆಯ ಪ್ರತಿಯೊಂದು ಮನೆಗೂ ಒಂದೊಂದೇ ಸಲ ಹಾಯಿಸುವ ಬಂಧಗಳನ್ನು ರಚಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳನ್ನು ವಿವರಿಸಿದರು. ಕಟ್ಟು ಬಿಗಿಯಾದಷ್ಟೂ ಬುದ್ಧಿಯ ಚಮತ್ಕಾರ ಹೆಚ್ಚೆಂಬುದಕ್ಕೆ ಅವು ನಿದರ್ಶನ. ಪ್ರಷ್ಯದ ತರುಣನಾದರೋ ಕಟ್ಟನ್ನು ಬಿಚ್ಚಿ, ಅನಿಶ್ಚಯವನ್ನು ಆಟದೊಳಕ್ಕೆ ಬರಮಾಡಿಕೊಂಡನು.

ಕಿರಿಯ ರೈಸ್‌ವಿಟ್ಸನು ಫಿರಂಗಿದಳದ ಲೆಫ್ಟೆನೆಂಟ್. ನೆಪೋಲಿಯನ್ನನ ವಿರುದ್ಧ ನಡೆದ ಯುದ್ಧದಲ್ಲಿ ಕಾದಿ ಕಬ್ಬಿಣದ ಶಿಲುಬೆಯ ಪದಕವನ್ನು ಪಡೆದವನು. ಬರ್ಲಿನ್ನಿನಲ್ಲಿ ಕೆಲವರು ಗೆಳೆಯ ಅಧಿಕಾರಿಗಳನ್ನು ಕೂಡಿಸಿಕೊಂಡು ತಂದೆಯ ಆಟವನ್ನು ವರ್ಷಗಟ್ಟಲೆ ತಿದ್ದಿ 1824ರಲ್ಲಿ ಪ್ರಕಟಿಸಿದನು. ಗಾರೆಯ ಬಿಲ್ಲೆಗಳಿಗೆ ಬದಲಾಗಿ ಎಂಟು ಸಾವಿರದಲ್ಲೊಂದರ ಅಳತೆಯಲ್ಲಿ ಬರೆದ ಭೂಪಟ. ಪಿಂಗಾಣಿಗೆ ಬದಲಾಗಿ ಕೆಂಪು ಮತ್ತು ನೀಲಿಯ ಲೋಹದ ತುಂಡುಗಳು. ಒಂದೊಂದು ತುಂಡೂ ಅದೇ ಅಳತೆಯಲ್ಲಿ ಆ ತುಕಡಿಯು ನೆಲದ ಮೇಲೆ ಎಷ್ಟು ಅಗಲವಾಗಿ ನಿಲ್ಲುವುದೋ ಅಷ್ಟೇ ಅಗಲ. ಒಂದು ಸರದಿಯೆಂದರೆ ನಿಜವಾದ ಯುದ್ಧದ ಎರಡು ನಿಮಿಷ. ಫಿರಂಗಿಯ ಗುಂಡು ಇಷ್ಟು ದೂರದಲ್ಲಿ ಇಷ್ಟು ಹಾನಿಯನ್ನು ಮಾಡುವುದೆಂಬ ಲೆಕ್ಕವನ್ನು ಊಹೆಯಿಂದ ಬರೆಯಲಿಲ್ಲ. ಶಾರ್ನ್‌ಹೋರ್ಸ್ಟನು ಮಾಡಿಸಿದ್ದ ಗುಂಡುಹಾರಿಸುವ ಪರೀಕ್ಷೆಗಳ ಫಲಗಳಿಂದ ಎತ್ತಿಕೊಂಡನು. ಆದರೂ ಆ ಸಂಖ್ಯೆಗಳನ್ನು ನೇರವಾಗಿ ವಿಧಿಸದೆ ದಾಳದ ಮುಖಗಳ ಮೇಲೆ ಹಂಚಿದನು. ಒಳ್ಳೆಯ ಸ್ಥಾನದಲ್ಲಿ ನಿಂತ ತುಕಡಿಗೂ ಕೆಟ್ಟ ಗಳಿಗೆಯುಂಟು. ಕೆಟ್ಟ ಸ್ಥಾನದಲ್ಲಿ ನಿಂತದ್ದಕ್ಕೂ ಅಪರೂಪಕ್ಕೆ ಅದೃಷ್ಟವುಂಟು.

ಇದೆಲ್ಲಕ್ಕಿಂತ ಹೆಚ್ಚಿನದು ಮಧ್ಯಸ್ಥನೆಂಬ ಮೂರನೆಯವನನ್ನು ಮೇಜಿನ ಬಳಿಗೆ ತಂದುದು. ಆಟಗಾರನು ತುಂಡುಗಳನ್ನು ತಾನೇ ಸರಿಸುವುದಿಲ್ಲ. ನಿನ್ನ ಕೈಕೆಳಗೆ ಇಷ್ಟು ದಂಡು ಉಂಟು, ಶತ್ರುವು ಹೊಳೆಯ ಆಚೆಗಿರುವನೆಂದು ವದಂತಿಯುಂಟು, ಸಂಜೆಯೊಳಗೆ ಸೇತುವೆಯನ್ನು ಹಿಡಿಯಬೇಕು ಎಂದು ಅವನಿಗೆ ಒಂದು ಚೀಟಿ ಬರುವುದು. ಆತನು ದಂಡನಾಯಕನಂತೆ ಆಲೋಚಿಸಿ ಆಜ್ಞೆಗಳನ್ನು ಬರೆದು ಮಧ್ಯಸ್ಥನ ಕೈಗೆ ಕೊಡುವನು. ಮಧ್ಯಸ್ಥನು ನಡಗೆಯ ದೂರವನ್ನು ಅಳೆದು, ದಾಳವನ್ನುರುಳಿಸಿ, ಕೋಷ್ಟಕವನ್ನು ನೋಡಿ, ಕಣ್ಣಿಗೆ ಬೀಳತಕ್ಕ ತುಕಡಿಗಳನ್ನು ಮಾತ್ರ ಭೂಪಟದ ಮೇಲಿಡುವನು. ಗುಡ್ಡದ ಹಿಂದಿನ ಶತ್ರುವು ಗುಡ್ಡವನ್ನೇರುವ ತನಕ ಮೇಜಿನ ಮೇಲೆ ಕಾಣಿಸನು. ಚದುರಂಗವು ಬಿಟ್ಟುಕೊಟ್ಟಿದ್ದ ಮೂರು ಲಕ್ಷಣಗಳೂ ಹೀಗೆ ಹಿಂದಕ್ಕೆ ಬಂದುವು. ಹೊಸಬನ ದೃಷ್ಟಿಯಿಂದ ನೋಡಿದರೆ ಇನ್ನೂ ಒಂದು ಲಾಭವುಂಟು, ಮತ್ತು ಆಟದ ಚರಿತ್ರೆಯನ್ನು ಬರೆದವರು ಇದಕ್ಕೆ ಸಾಕಷ್ಟು ಗೌರವವನ್ನು ಕೊಟ್ಟಂತಿಲ್ಲ: ನಿಯಮಗಳ ಹೊರೆಯೆಲ್ಲ ಮಧ್ಯಸ್ಥನ ತಲೆಯ ಮೇಲೆ ಬಿದ್ದು, ಆಡಲು ಬಂದವನು ಒಂದು ಪುಟವನ್ನೂ ಓದದೆ ಮೊದಲ ದಿನವೇ ಆಡಬಹುದಾಯಿತು. ಅವನಿಗೆ ಬೇಕಾದುದು ಭೂಪಟವನ್ನು ಓದುವ ಕಣ್ಣು ಮತ್ತು ಸಂದೇಹಕ್ಕೆಡೆಯಿಲ್ಲದಂತೆ ಒಂದು ಆಜ್ಞೆಯನ್ನು ಬರೆಯುವ ಕೈ. ಈ ಎರಡನೆಯದು ಎಷ್ಟು ಕಷ್ಟವೆಂಬುದು, ತಾನು ಬರೆದ ಆಜ್ಞೆಯನ್ನು ಮಧ್ಯಸ್ಥನು ಅಕ್ಷರಶಃ ನಡಸಿದಾಗ ಅವನಿಗೇ ತಿಳಿದುಬರುತ್ತಿದ್ದಿತು.

ಮುಂದೆ ಜರ್ಮನ್ ಚಕ್ರವರ್ತಿಯಾದ ವಿಲಿಯಂ ರಾಜಕುಮಾರನು ಈ ಆಟವನ್ನು ಆಡಿ ಮೆಚ್ಚಿ, ಸೇನೆಯ ಮುಖ್ಯಾಧಿಪತ್ಯದ ಮಂಡಲಿಗೆ ಅಧ್ಯಕ್ಷನಾಗಿದ್ದ ಮ್ಯೂಫ್ಲಿಂಗನಿಗೆ ಶಿಫಾರಸು ಮಾಡಿದನು. ವೃದ್ಧ ಸೇನಾನಿಯು ಮೊದಲು ಉದಾಸೀನನಾಗಿಯೇ ನೋಡುತ್ತ ಕುಳಿತನೆಂದೂ, ಭೂಪಟದ ಮೇಲೆ ದಂಡುಗಳು ಒಂದನ್ನೊಂದು ಹುಡುಕತೊಡಗಿದಂತೆಲ್ಲ ಮುಖವರಳಿ, ಇದು ಆಟವಲ್ಲ, ಯುದ್ಧದ ಪಾಠಶಾಲೆಯೇ ಸರಿ ಎಂಬ ಅಭಿಪ್ರಾಯವನ್ನು ಉದ್ಗರಿಸಿದನೆಂದೂ ಪ್ರಸಿದ್ಧವಾಗಿದೆ. ಆ ವರ್ಷವೇ ಸೇನೆಯ ವಾರಪತ್ರಿಕೆಯಲ್ಲಿ ಆತನು ಆಟವನ್ನು ಹೊಗಳಿ ಬರೆದನು. ಆಟದ ಪೆಟ್ಟಿಗೆಗಳು ರೆಜಿಮೆಂಟುಗಳನ್ನು ಸೇರತೊಡಗಿದುವು.

ಆಟಕ್ಕೆ ಬಂದ ಮನ್ನಣೆ ಆಟವನ್ನು ಮಾಡಿದವನಿಗೆ ಸುಖವನ್ನು ತರಲಿಲ್ಲ. ಕೇವಲ ಲೆಫ್ಟೆನೆಂಟನೊಬ್ಬನು ಹಿರಿಯರಿಗೆ ಯುದ್ಧವನ್ನು ಕಲಿಸಹೊರಟುದು ಹಲವರಿಗೆ ಸಹಿಸದೆ ಹೋಯಿತೆಂದು ಆತನ ಗೆಳೆಯರು ಹೇಳಿರುವರು. 1826ರಲ್ಲಿ ಅವನನ್ನು ಕ್ಯಾಪ್ಟನ್ ಪದವಿಗೇರಿಸಿ ಟೋರ್ಗಾವ್ ಎಂಬ ಕೋಟೆಯೂರಿಗೆ ವರ್ಗಮಾಡಿದರು. ಹೊರನೋಟಕ್ಕೆ ಅದು ಬಡತಿ. ಬರ್ಲಿನ್ನಿನಿಂದಲೂ ಆಟದ ಗೆಳೆಯರಿಂದಲೂ ತನ್ನನ್ನು ದೂರಮಾಡಿದ ಗಡೀಪಾರೆಂದೇ ಅವನು ಅದನ್ನು ಭಾವಿಸಿದನು. ಮರುವರ್ಷ, 1827ರಲ್ಲಿ, ತನ್ನ ಜೀವವನ್ನು ತಾನೇ ತೆಗೆದುಕೊಂಡನು. ಅವನಿಗೆ ಆಗ ಮೂವತ್ತಮೂರರ ಸುಮಾರು. 1828ರಲ್ಲಿ ಬರ್ಲಿನ್ನಿನ ಅಧಿಕಾರಿಗಳು ಅವನ ನಿಯಮಗಳಿಗೆ ಒಂದು ಪರಿಶಿಷ್ಟವನ್ನು ಸೇರಿಸಿ ಆಟವನ್ನು ಮುಂದುವರಿಸಿದರು.

ಅದೃಷ್ಟವನ್ನು ದಾಳದ ಮುಖಗಳ ಮೇಲೆ ಅಷ್ಟು ನ್ಯಾಯವಾಗಿ ಹಂಚಿದವನ ಪಾಲಿಗೆ ಬಂದುದು ಇಂಥ ಮುಖ. ಅವನ ಆಟವನ್ನು ಬಲ್ಲ ಮೋಲ್ಟ್ಕೆಯು 1857ರಿಂದ ಪ್ರಷ್ಯದ ಸೇನೆಯ ಮುಖ್ಯಾಲೋಚಕನಾಗಿ, 1866ರಲ್ಲಿ ಆಸ್ಟ್ರಿಯವನ್ನೂ 1870-71ರಲ್ಲಿ ಫ್ರಾನ್ಸನ್ನೂ ಸೋಲಿಸಿದಾಗ, ಲೋಕವೆಲ್ಲ ಪ್ರಷ್ಯದ ಗೆಲವಿನ ಗುಟ್ಟನ್ನು ಹುಡುಕತೊಡಗಿತು. ಗುಟ್ಟು ಈ ಆಟದಲ್ಲಿದೆಯೆಂದು ಕೆಲವರು ಬರೆದರು. ಇದು ಅತಿಶಯೋಕ್ತಿ. ರೈಲುದಾರಿಗಳು, ಕಡ್ಡಾಯದ ಸೈನ್ಯಸೇವೆ, ಒಳ್ಳೆಯ ಫಿರಂಗಿಗಳು ಇವುಗಳ ಪಾಲನ್ನು ಒಂದು ಪೆಟ್ಟಿಗೆಯ ಲೋಹದ ತುಂಡುಗಳಿಗೆ ಕೊಡಲಾಗದು. ಆದರೆ ಅತಿಶಯೋಕ್ತಿಯೂ ಕೆಲವು ಸಲ ಕೆಲಸ ಮಾಡುವುದು. 1872ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟದ ನಿಯಮಗಳನ್ನು ಇಂಗ್ಲಿಷಿಗೆ ತಂದವನು ಕ್ಯಾಪ್ಟನ್ ಈವ್ಲಿನ್ ಬೇರಿಂಗ್. ಅದೇ ವರ್ಷ ವೈಸರಾಯ್ ನಾರ್ತ್‌ಬ್ರೂಕನ ಖಾಸಗಿ ಕಾರ್ಯದರ್ಶಿಯಾಗಿ ಹಿಂದೂದೇಶಕ್ಕೆ ಬಂದು, ಮುಂದೆ ಈಜಿಪ್ಟಿನಲ್ಲಿ ಲಾರ್ಡ್ ಕ್ರೋಮರ್ ಎಂದು ಖ್ಯಾತನಾದವನು ಇವನೇ.

ಇಷ್ಟರಲ್ಲಿ ಹಳೆಯ ತೊಡಕು ಬೇರೊಂದು ರೂಪದಲ್ಲಿ ತಲೆಯೆತ್ತಿದ್ದಿತು. ಕೋಷ್ಟಕಗಳು ವರ್ಷದಿಂದ ವರ್ಷಕ್ಕೆ ಬೆಳೆದು, ಆಡುವವರು ಸಿಕ್ಕಿದರೂ ಮಧ್ಯಸ್ಥನು ಸಿಕ್ಕದಂತಾಯಿತು. 1873ರಲ್ಲಿ ಯಾಕೋಬ್ ಮೆಕೆಲ್ ಎಂಬ ಅಧಿಕಾರಿಯು ಈ ಬಿಗಿಯನ್ನು ಖಂಡಿಸಿದನು. 1885ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಸೇನಾವಿದ್ಯಾಲಯದಲ್ಲಿ ಬೋಧಿಸಿದವನೂ ಇವನೇ. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ಇನ್ನೂ ಮುಂದಕ್ಕೆ ಹೋಗಿ, ಕೋಷ್ಟಕಗಳನ್ನು ಮೂಲೆಗಿಡಿ, ಅನುಭವಶಾಲಿಯಾದ ಮಧ್ಯಸ್ಥನು ತನ್ನ ವಿವೇಕದಿಂದಲೇ ಫಲವನ್ನು ಹೇಳಲಿ ಎಂದನು. ಹೊಸ ಅಧಿಕಾರಿಗಳಿಗೆ ಇದರಿಂದ ಬಹು ಅನುಕೂಲವಾಯಿತು. ಆದರೆ ಯುದ್ಧವನ್ನು ಕಂಡ ಅನುಭವಶಾಲಿಯು ಸೇನೆಯಲ್ಲಲ್ಲದೆ ಮತ್ತೆಲ್ಲಿ ದೊರೆಯುವನು? ಸೇನೆಯ ಹೊರಗಿನ ಗೃಹಸ್ಥನಿಗೆ ಆಟದ ಬಾಗಿಲು ಇನ್ನೂ ಮುಚ್ಚಿಯೇ ಇದ್ದಿತು.

ಅದನ್ನು ತೆರೆದವರು ಸೇನಾನಿಗಳಲ್ಲ. ಗೊಂಬೆ ಮಾಡುವವರು ಮತ್ತು ಕಥೆ ಬರೆಯುವವರು. ನ್ಯೂರೆಂಬರ್ಗಿನ ಕುಶಲಕರ್ಮಿಗಳು ಹದಿನೆಂಟನೆಯ ಶತಮಾನದಿಂದಲೂ ತವರದಲ್ಲಿ ಚಪ್ಪಟೆಯಾದ ಸಿಪಾಯಿಗಳನ್ನು ಎರೆಯುತ್ತಿದ್ದರು. 1893ರಲ್ಲಿ ಲಂಡನ್ನಿನ ಬ್ರಿಟನ್ ಎಂಬ ಮನೆತನದವರು ಸೀಸದ ಗೊಂಬೆಗಳನ್ನು ಟೊಳ್ಳಾಗಿ ಎರೆಯುವ ಉಪಾಯವನ್ನು ಕಂಡುಹಿಡಿದರು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು, ಅಚ್ಚಿನ ಗೋಡೆಗೆ ತಗುಲಿದಷ್ಟು ಗಟ್ಟಿಯಾದೊಡನೆಯೇ ಉಳಿದುದನ್ನು ಹೊರಕ್ಕೆ ಚೆಲ್ಲಿಬಿಡುವುದು; ಇದರಿಂದ ಲೋಹ ಉಳಿಯಿತು, ತೂಕ ತಗ್ಗಿತು, ಬೆಲೆ ಇಳಿಯಿತು. ಮಧ್ಯಮ ತರಗತಿಯ ಮನೆಯ ಹುಡುಗನ ಕೈಗೂ ಒಂದು ದಂಡು ಬಂದಿತು.

ಶ್ವಾಸಕೋಶದ ರೋಗದಿಂದ ನರಳುತ್ತ ಸ್ವಿಟ್ಸರ್‌ಲೆಂಡಿನ ದಾವೋಸ್ ಎಂಬಲ್ಲಿ 1880ರಿಂದ ಎರಡು ಚಳಿಗಾಲಗಳನ್ನು ಕಳೆದ ರಾಬರ್ಟ್ ಲೂಯಿ ಸ್ಟೀವನ್ಸನ್ನನು ತನ್ನ ಹೆಂಡತಿಯ ಮಗ ಲಾಯ್ಡ್ ಆಸ್‌ಬೋರ್ನನೊಡನೆ ಇಂಥ ಸಿಪಾಯಿಗಳಿಂದ ದೊಡ್ಡ ದಂಡಯಾತ್ರೆಗಳನ್ನು ನಡಸಿದ್ದನು. ಲಾಯ್ಡನು ಅದರ ವೃತ್ತಾಂತವನ್ನು 1898ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಪ್ರಕಟಿಸಿದನು. ಆದರೆ ಹೊಸಬನಿಗೆ ಆಡಲು ಬರುವಂಥ ಪುಸ್ತಕವನ್ನು ಬರೆದುಕೊಟ್ಟವನು ಎಚ್. ಜಿ. ವೆಲ್ಸ್. 1911ರಲ್ಲಿ ಅವನು ನೆಲದ ಮೇಲಣ ಆಟಗಳನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದಿದ್ದನು. 1913ರಲ್ಲಿ ‘ಲಿಟಲ್ ವಾರ್ಸ್’ ಹೊರಬಂದಿತು. ಇವನ ಯುದ್ಧದಾಟಕ್ಕೆ ಬೀಜ ಒಂದು ಆಟಿಕೆಯ ಫಿರಂಗಿ. ಸುರುಳಿಯ ಒತ್ತಡದಿಂದ ಒಂದಂಗುಲದ ಮರದ ಗುಂಡನ್ನು ಹಾರಿಸುತ್ತಿದ್ದ ಆ ಫಿರಂಗಿಯನ್ನು ಊಟವಾದ ಮೇಲೆ ಅತಿಥಿಯೊಬ್ಬನು ಎತ್ತಿಕೊಂಡು ಸಿಪಾಯಿಗಳನ್ನು ಹೊಡೆಯತೊಡಗಿದುದೇ ಆರಂಭವೆಂದು ವೆಲ್ಸ್ ಬರೆದಿರುವನು.

ವೆಲ್ಸನ ಯುಕ್ತಿಯೆಲ್ಲ ಈ ಫಿರಂಗಿಯಲ್ಲಿದೆ. ರೈಸ್‌ವಿಟ್ಸನು ದಾಳಕ್ಕೂ ಕೋಷ್ಟಕಕ್ಕೂ ವಹಿಸಿದ ಕೆಲಸವನ್ನು ಇವನು ಆಟಗಾರನ ಕಣ್ಣಿಗೂ ಕೈಗೂ ವಹಿಸಿದನು. ಗುರಿಯಿಟ್ಟು ಹೊಡೆದ ಗುಂಡಿಗೆ ಬಿದ್ದ ಸಿಪಾಯಿ ಸತ್ತನು, ನಿಂತವನು ಬದುಕಿದನು. ಇದರಲ್ಲಿ ವಾದಕ್ಕೆ ಎಡೆಯಿಲ್ಲ, ಕೋಷ್ಟಕ ಬೇಕಿಲ್ಲ. ಉಳಿದ ನಿಯಮಗಳೂ ಮಿತವಾದುವು. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆಯವನು ಎರಡು ಅಡಿ ನಡೆಯಬಹುದು. ಫಿರಂಗಿಯ ಆರಂಗುಲದೊಳಗೆ ತನ್ನ ಪಕ್ಷದ ನಾಲ್ಕು ಮಂದಿಯಾದರೂ ಇಲ್ಲದಿದ್ದರೆ ಅದನ್ನು ಹಾರಿಸಲೂ ಕೂಡದು, ಸರಿಸಲೂ ಕೂಡದು. ಮೂವತ್ತು ಆಳುಗಳಿಗೆ ಒಂದು ನಿಮಿಷ, ಒಂದೊಂದು ಫಿರಂಗಿಗೆ ಒಂದು ನಿಮಿಷ ಎಂದು ಕಾಲವನ್ನು ಕಟ್ಟಿದನು. ಗಡಿಯಾರ ಹಿಡಿದವನ ಮುಂದೆ ಮೀನಮೇಷ ಎಣಿಸುವಂತಿಲ್ಲ. ಆಟದ ಮೊದಲು ನಡುವೆ ಒಂದು ಪರದೆಯನ್ನು ಬಿಟ್ಟು, ಇಬ್ಬರೂ ಪರಸ್ಪರ ಕಾಣದಂತೆ ತಮ್ಮ ದಂಡುಗಳನ್ನು ನಿಲ್ಲಿಸಿದ ಮೇಲೆ ಪರದೆಯನ್ನು ತೆಗೆಯುವರು. ರೆಂಬೆಗಳು ಮರವಾದುವು, ಮಕ್ಕಳ ಮರದ ಇಟ್ಟಿಗೆಗಳು ಮನೆಯಾದುವು, ಸೀಮೆಸುಣ್ಣದ ಗೆರೆ ಹೊಳೆಯಾಯಿತು. ಹೊಸಬನಿಗೆ ಬೇಕಾದುದು ಒಂದು ಕೊಠಡಿಯ ನೆಲ, ನೂರರಷ್ಟು ಗೊಂಬೆಗಳು, ಮೊಣಕಾಲೂರಲು ನಾಚಿಕೆಪಡದ ಒಬ್ಬ ಗೆಳೆಯ, ಇಷ್ಟೇ.

ಪುಸ್ತಕದ ಕೊನೆಯಲ್ಲಿ ವೆಲ್ಸ್ ತನ್ನ ಧ್ವನಿಯನ್ನು ಬದಲಾಯಿಸುವನು. ಈ ಸಣ್ಣ ಯುದ್ಧವನ್ನು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧವು ಎಂಥ ಎಡವಟ್ಟಿನ ಕೆಲಸವೆಂಬುದು ತಿಳಿಯದೆ ಇರದು. ಸೇನೆಯ ಅಟ್ಟಹಾಸವನ್ನು ಮೆಚ್ಚುವ ಮಹನೀಯರೆಲ್ಲರೂ ಗೊಂಬೆಗಳೊಡನೆ ಕೊಠಡಿಯೊಳಗೆ ಕಾದಲಿ, ಉಳಿದ ಜನರನ್ನು ಬಾಳಗೊಡಲಿ ಎಂಬುದು ಅವನ ಅಭಿಪ್ರಾಯದ ಸಾರ. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಯುದ್ಧವನ್ನು ಹಾಸ್ಯಮಾಡಿದ್ದ ಅದೇ ವೆಲ್ಸ್ 1914ರಲ್ಲಿ, ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಸಮರ್ಥಿಸಿ ಪುಸ್ತಕವನ್ನು ಬರೆದನು. ಗೊಂಬೆಗಳ ನಡುವೆ ಕುಳಿತಾಗ ಅವನಿಗಿದ್ದ ತೂಕ ಆಗ ತಪ್ಪಿದಂತೆ ಕಾಣುವುದು.

ವೆಲ್ಸನ ಪುಸ್ತಕದ ಉಪಶೀರ್ಷಿಕೆಯು ಹುಡುಗರನ್ನು ಧಾರಾಳವಾಗಿ ಕರೆದು ಹುಡುಗಿಯರನ್ನು ಒಲ್ಲದ ಮನಸ್ಸಿನಿಂದ ಒಳಕ್ಕೆ ಬಿಡುವುದು. ಅದಕ್ಕೆ ಉತ್ತರ ಎರಡನೆಯ ಮಹಾಯುದ್ಧದಲ್ಲಿ ದೊರೆಯಿತು. 1942ರಲ್ಲಿ ಜರ್ಮನರ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಇಂಗ್ಲೆಂಡಿನ ಸರಕುಹಡಗುಗಳನ್ನು ಮುಳುಗಿಸುತ್ತಿದ್ದಾಗ, ಕ್ಷಯರೋಗದಿಂದ ನೌಕಾಸೇವೆಯನ್ನು ಬಿಟ್ಟಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬವನನ್ನು ಪುನಃ ಕರೆಯಿಸಿ, ಲಿವರ್‌ಪೂಲಿನಲ್ಲಿ ಒಂದು ಯುದ್ಧದಾಟದ ಶಾಲೆಯನ್ನು ತೆರೆದರು. ಅವನ ಸಹಾಯಕರಾಗಿ ಬಂದವರು ನೌಕಾಪಡೆಯ ಸ್ತ್ರೀವಿಭಾಗದ ತರುಣಿಯರು. ಹಲವರಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ನೆಲವೇ ಸಾಗರ, ಸೀಮೆಸುಣ್ಣದ ಗೆರೆಗಳೇ ಹಡಗುಗಳ ಜಾಡು. ಆಡಲು ಬಂದ ನೌಕಾಧಿಕಾರಿಗಳನ್ನು ಕಟ್ಟಿದ ತೆರೆಗಳ ಹಿಂದೆ ಕೂರಿಸಿ, ನಿಜವಾದ ಹಡಗಿನ ಮೇಲಿಂದ ಏನು ಕಾಣಬಹುದೋ ಅಷ್ಟನ್ನೇ ಸಂದಿಯಿಂದ ನೋಡಗೊಡುತ್ತಿದ್ದರು. ರೈಸ್‌ವಿಟ್ಸನ ಮಧ್ಯಸ್ಥನೇ ಇಲ್ಲಿ ಸ್ತ್ರೀವೇಷದಿಂದ ಬಂದಂತಾಯಿತು. ಶತ್ರುವಿನ ಜಲಾಂತರ್ಗಾಮಿಯು ಹಡಗುಗಳ ಸಾಲಿನ ಹೊರಗಿನಿಂದಲ್ಲ, ಸಾಲಿನ ಒಳಕ್ಕೇ ನುಸುಳಿ ಹೊಡೆಯುತ್ತಿರಬೇಕೆಂಬ ಊಹೆಯನ್ನು ನೆಲದ ಮೇಲೆ ಆಡಿ ಆಡಿ ದೃಢಪಡಿಸಿಕೊಂಡು, ಅದನ್ನು ಬೇಟೆಯಾಡುವ ಒಂದು ವಿಧಾನವನ್ನು ರಚಿಸಿದರು. ಸ್ವತಃ ಜಲಾಂತರ್ಗಾಮಿಯ ನಾಯಕನಾಗಿ ಹೆಸರು ಪಡೆದಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ನನು ಶತ್ರುವಿನ ಪಾತ್ರವನ್ನು ವಹಿಸಿ, ಒಬ್ಬ ತರುಣಿಯ ಎದುರು ಮೇಲಿಂದ ಮೇಲೆ ಸೋತನು. ಯುದ್ಧವು ಮುಗಿಯುವುದರೊಳಗೆ ಸುಮಾರು ಐದು ಸಾವಿರ ಅಧಿಕಾರಿಗಳು ಆ ನೆಲದ ಮುಂದೆ ಪಾಠ ಕಲಿತು ಸಮುದ್ರಕ್ಕೆ ಹೋದರು. ಅಲ್ಲಿ ಸೋತವನು ಮುಳುಗಿದುದು ಸೀಮೆಸುಣ್ಣದಲ್ಲಿ ಮಾತ್ರ.

ಯುದ್ಧಾನಂತರದಲ್ಲಿ ಆಟವು ಬಿಡುವಿನ ಹವ್ಯಾಸವಾಗಿ ಬೇರೂರಿತು. 1957ರಲ್ಲಿ ಅಮೆರಿಕದ ಜ್ಯಾಕ್ ಸ್ಕ್ರೂಬಿ ಎಂಬ ಗೊಂಬೆಯೆರಕದವನು ಯುದ್ಧದಾಟಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸ, 1962ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನನು ‘ವಾರ್ ಗೇಮ್ಸ್’ ಎಂಬ ಪುಸ್ತಕವನ್ನು ಬರೆದನು. ಪ್ರಾಚೀನ ಕಾಲಕ್ಕೊಂದು, ಕುದುರೆ ಮತ್ತು ಕೋವಿಯ ಕಾಲಕ್ಕೊಂದು, ಆಧುನಿಕ ಕಾಲಕ್ಕೊಂದು ಎಂದು ಸರಳವಾದ ನಿಯಮಗಳನ್ನು ಕೊಟ್ಟ ಆ ಪುಸ್ತಕದಿಂದಲೇ ಒಂದು ತಲೆಮಾರಿನ ಆಟಗಾರರು ಆರಂಭಿಸಿದರು. ಸೀಸದ ಜತೆಗೆ ಅಗ್ಗವಾದ ಪ್ಲಾಸ್ಟಿಕ್ ಗೊಂಬೆಗಳೂ ಬಂದುವು. 1971ರ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟದಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. 1983ರಲ್ಲಿ ‘ವಾರ್‌ಹ್ಯಾಮರ್’ ಬಂದು ರಾಕ್ಷಸರೂ ಕುಳ್ಳರೂ ರಣರಂಗಕ್ಕಿಳಿದರು. ಮಧ್ಯಸ್ಥನಿಲ್ಲದೆ ಆಡುವ ಗೊಂಬೆಯಾಟಗಳಲ್ಲಿ ದಾಳವೂ ಕೋಷ್ಟಕವೂ ಹಿಂದಿರುಗಿ, ಅವುಗಳ ಹೊರೆ ಆಟಗಾರನ ಹೆಗಲಿಗೇ ಬಿದ್ದಿತು. ಇಂದಿನ ಹೊಸಬನ ದಿಗಿಲಿಗೆ ಇದೇ ಮೂಲ.

ಆದುದರಿಂದ ಹಳಬರು ಹೊಸಬನಿಗೆ ಹೇಳುವ ಮಾತುಗಳು ಎಲ್ಲ ಕಡೆಯೂ ಹೆಚ್ಚು ಕಡಮೆ ಒಂದೇ. ಮೊದಲು ಒಂದು ಕಾಲವನ್ನೋ ಕಥೆಯನ್ನೋ ಆರಿಸಿಕೊಳ್ಳಬೇಕು. ಮನಸ್ಸು ಹತ್ತದ ಯುದ್ಧದ ಗೊಂಬೆಗಳಿಗೆ ಬಣ್ಣ ಬಳಿಯುವ ತಾಳ್ಮೆ ಯಾರಿಗೂ ಬಾರದು. ನೂರಾರು ಗೊಂಬೆಗಳನ್ನು ಒಮ್ಮೆಗೇ ಕೊಳ್ಳದೆ, ಪಕ್ಷಕ್ಕೆ ಹತ್ತು ಹನ್ನೆರಡರಂತೆ ಇಟ್ಟುಕೊಂಡು ಹತ್ತು ಪುಟದ ನಿಯಮದಿಂದ ತೊಡಗಬೇಕು. ಎದುರಾಳಿಯು ಆರಿಸಿರುವ ಅಳತೆಯನ್ನೇ ತಾನೂ ಆರಿಸಬೇಕು. ಇಪ್ಪತ್ತೆಂಟು ಮಿಲಿಮೀಟರಿನ ಸಿಪಾಯಿಯು ಆರು ಮಿಲಿಮೀಟರಿನ ದಂಡನ್ನು ಎದುರಿಸಲಾರನು. ಬಣ್ಣ ಬಳಿಯದ ಗೊಂಬೆಯಿಂದಲೂ ಆಡಬಹುದು. ಪುಸ್ತಕಗಳನ್ನು ಅಟ್ಟಿ ಮೇಲೆ ಹಚ್ಚಡ ಹೊದಿಸಿದರೆ ಗುಡ್ಡವಾಗುವುದು. ಎಲ್ಲಕ್ಕಿಂತ ಮೇಲು, ನಿಯಮವನ್ನು ಬಲ್ಲ ಒಬ್ಬನು ಪಕ್ಕದಲ್ಲಿ ಕುಳಿತು ಮೊದಲ ಎರಡು ಆಟಗಳನ್ನು ನಡಸಿಕೊಡುವುದು.

ಈ ಕೊನೆಯ ಉಪಾಯವು ರೈಸ್‌ವಿಟ್ಸನದೇ. 1983ರಲ್ಲಿ ಅವನ 1824ರ ನಿಯಮಗಳು ಸಮಗ್ರವಾಗಿ ಇಂಗ್ಲಿಷಿಗೆ ಅನುವಾದವಾದ ಮೇಲೆ, ಹಳೆಯ ಆಟವನ್ನು ಹಳೆಯ ರೀತಿಯಲ್ಲಿಯೇ ಆಡುವ ಕೂಟಗಳು ಹಲವು ಊರುಗಳಲ್ಲಿ ಏರ್ಪಟ್ಟಿರುವುವು. ಭೂಪಟ ಅದೇ ಎಂಟು ಸಾವಿರದಲ್ಲೊಂದರ ಅಳತೆಯದು. ತುಂಡುಗಳು ಅದೇ ಕೆಂಪು, ಅದೇ ನೀಲಿ. ಹೊಸದಾಗಿ ಬಂದವನಿಗೆ ನಿಯಮಗಳ ಪುಸ್ತಕವನ್ನು ತೋರಿಸುವುದಿಲ್ಲ. ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು ಆಜ್ಞೆಯನ್ನು ಬರೆಯೆನ್ನುವರು.